ತೆಪ್ಪದ ಎದುರಿಗೆ ಒಂದು

ಕ ಹೋಯಿತು, ನ ಹೋಯಿತು, ಅದರ ಕಾಲಿಗೆ ಜೋತುಬಿದ್ದಿದ್ದ ವ ಒತ್ತೂ ಹೋಯಿತು, ಈಗ ಹಲಗೆಯಲ್ಲಿ ಶದ ಹೊಟ್ಟೆಯ ಮೇಲೆ ಕರಿ ಬಣ್ಣದ ಕುಂಚ ಆಡುತ್ತಿದೆ, ಟರ್ಪೆಂಟೈನಿನ ವಾಸನೆಯೂ ಕೆಳಗಿನ ಅಂಗಡಿಯ ಯೂರಿಯಾ ಗೊಬ್ಬರದ ಘಾಟೂ ಕೂಡಿ ಮೂಗಿನೊಳಗೆ ಏನೋ ಸುಟ್ಟ ಹಾಗೆ — ಮೂರು ಇಪ್ಪತ್ತೈದು, ಇನ್ನೂ ಐದು ನಿಮಿಷ ಇದೆ, ಇನ್ನೂ ಹೆದರುವ ಹೊತ್ತಾಗಿಲ್ಲ ಎಂದು ಮಲ್ಲೇಶ್ವರಿ ತನಗೆ ತಾನೇ ಹೇಳಿಕೊಂಡಳು, ಹೇಳಿಕೊಂಡಿದ್ದೇ ತಪ್ಪಾಯಿತು, ಹೆದರಿಕೆ ಅಲ್ಲಿಂದಲೇ ಶುರುವಾಯಿತು. ಸ್ಟೂಲಿನ ಮೇಲೆ ನಿಂತ ಪೇಂಟರ್ ಚಾಂದಸಾಬ ಹಿಂದೆ ತಿರುಗದೆಯೇ ಮಾತಾಡುತ್ತಿದ್ದಾನೆ, ಅಕ್ಕಾರ, ಇದು ಮೂರನೇ ಹೆಸರು ನೋಡ್ರಿ, ಮೊದಲ ಗೋಲ್ ಅಂತ ಬರದೆ, ಹ್ವಾದ ವರ್ಷ ಅದನ್ನ ಅಳಿಸಿ ಕನ್ವರ್ಶನ್ ಅಂತ ಬರದೆ, ಈಗ ಕೀ ಇವೆಂಟ್ ಅಂತೀರಿ, ನಮ್ಮ ಮಂದ್ಯಾಗ ಕೂಸಿಗೆ ತೊಟ್ಟಿಲದಾಗ ಒಂದ ಸಲ ಹೆಸರಿಟ್ರ ಸಾಯೂತನಕ ಅದ ಹೆಸರು. ಸಾಯೂತನಕ — ಆ ಮಾತು ಇವತ್ತು ಆಡಬಾರದಿತ್ತು, ಅವನಿಗೇನು ಗೊತ್ತು ಪಾಪ, ಅವನು ನಗಿಸಲಿಕ್ಕೆ ಅಂದ, ಇವಳು ನಕ್ಕಳು ಕೂಡ. ಗೋಡೆಯ ಈ ಕರಿಹಲಗೆ ಸಾವ್ಕಾರ ಶರಣಬಸಪ್ಪನದೇ ಹುಚ್ಚು, ಸಾಣಾಪುರದ ಕೆರೆ ದಂಡೆಯ ಮೇಲೆ ಅವನ ಹನ್ನೆರಡು ಕೋಣೆಗಳಿವೆ, ತೆಪ್ಪದಲ್ಲಿ ಸುತ್ತಾಡಿಸುವ ಇಬ್ಬರು ಆಳುಗಳಿದ್ದಾರೆ, ಆ ಕೋಣೆಗಳಿಗೊಂದು ವೆಬ್‌ಸೈಟು, ಅದನ್ನು ನೋಡಿಕೊಳ್ಳುವವಳು ಗಂಗಾವತಿಯ ಈ ಮಹಡಿಯ ಮೇಲೆ ಕೂತ ಮಲ್ಲೇಶ್ವರಿ, ಆದರೆ ಅವನು ಪರದೆ ನೋಡುವವನಲ್ಲ, ನನಗ ಆ ಡಬ್ಬಿ ತೋರಸಬ್ಯಾಡವಾ, ಗ್ವಾಡಿ ಮ್ಯಾಲ ಬರಿ, ಸಂಜಿಮುಂದ ಬಂದು ನಿಂತು ನೋಡ್ತೀನಿ ಅನ್ನುವವನು. ಎಷ್ಟು ಮಂದಿ ಫೋನ್ ನಂಬರು ಒತ್ತಿದರು, ಎಷ್ಟು ಮಂದಿ ಕೋಣೆ ಬೇಕು ಎಂಬಲ್ಲಿ ಒತ್ತಿದರು, ಎಷ್ಟು ಮಂದಿ ದಾರಿಯ ನಕ್ಷೆ ಒತ್ತಿದರು, ಅದನ್ನೆಲ್ಲ ಲೆಕ್ಕ ಇಡುವ ಪುಟ ಒಂದಿದೆ, ಆ ಲೆಕ್ಕಕ್ಕೆ ಆ ಪುಟದವರು ಇಟ್ಟ ಹೆಸರೇ ಹಲಗೆಯ ನೆತ್ತಿಗೂ ಬೇಕು, ಎಣ್ಣೆ ಬಣ್ಣದಲ್ಲೇ ಬೇಕು, ಅದರ ಕೆಳಗೆ ದಿನದಿನದ ಸಂಖ್ಯೆ ಸೀಮೆಸುಣ್ಣದಲ್ಲಿ. ಸಾವ್ಕಾರನಿಗೆ ಗೊತ್ತಿಲ್ಲದ್ದು ಒಂದೇ, ಆ ಸಂಖ್ಯೆಯಲ್ಲಿ ದಿನಾ ಒಂದು ಅವನ ಗಿರಾಕಿಯಲ್ಲ. ದಿನಾ ಒಂದು ಅವಳ ಮಗಳು.

ಸಾವ್ಕಾರನ ವೆಬ್‌ಸೈಟಿನ ಕೆಳತುದಿಯಲ್ಲಿ, ಯಾರೂ ಕಣ್ಣು ಹಾಯಿಸದ ಕಡೆ, ಹೆಬ್ಬೆರಳಿನಷ್ಟು ದೊಡ್ಡ ತೆಪ್ಪದ ಚಿತ್ರ, ಬುಟ್ಟಿಯ ಹಾಗೆ ದುಂಡಗೆ, ಒತ್ತಿದರೆ ಏನೂ ಆಗುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ, ಒತ್ತಿದ್ದು ಮಾತ್ರ ಇಲ್ಲಿ ಇವಳಿಗೆ ಕಾಣುತ್ತದೆ. ಮಗಳು ಅಮೃತಾ ಆರನೇ ತರಗತಿಗೆ ಪರೀಕ್ಷೆ ಪಾಸಾಗಿ ಯಲಬುರ್ಗಾದ ವಸತಿ ಶಾಲೆಗೆ ಹೋದಾಗ ಮಾಡಿದ್ದು, ಊರೆಲ್ಲ ಹೊಗಳಿತು, ಹುಡುಗಿಗೆ ಸೀಟು ಸಿಕ್ಕೈತಂತ, ಪುಣ್ಯವಂತಿ ಅಂತ, ಟ್ರಂಕಿನ ಬೀಗವನ್ನು ಇವಳು ಎರಡು ಸಲ ತೆಗೆದು ಹಾಕಿದ್ದು ಊರಿಗೆ ಕಾಣಲಿಲ್ಲ. ಅಲ್ಲಿ ಫೋನಿಲ್ಲ, ಐತವಾರ ವಾರ್ಡನ್ ಹಸೀನಾಬೇಗಂ ಅವರ ಫೋನಿಗೆ ಸಾಲುಗಟ್ಟಿ ನಿಂತು ಐದು ನಿಮಿಷ, ಆ ಐದು ನಿಮಿಷದಲ್ಲಿ ಹಿಂದೆ ನಿಂತ ಹುಡುಗಿಯರ ಗಲಾಟೆಯೇ ಮೂರು ನಿಮಿಷ. ಯವ್ವಾ, ನಮಗ ದಿನಾ ಮೂರೂವರೆಗೆ ಕಂಪ್ಯೂಟರ್ ಐತಿ, ನಾಲ್ಕೂ ಹತ್ತರ ತನಕ, ನಿಮ್ಮ ಕೆರೀ ಫೋಟೋ ತೆಗದ ನೋಡ್ತೀನಿ ದಿನಾ ಅಂದಿದ್ದಳು, ಆ ಮಾತೇ ಸಾಕಾಯಿತು, ಆ ವಾರವೇ ತೆಪ್ಪ ಬಂತು, ಮುಂದಿನ ಐತವಾರ ತಾಯಿ ಮಗಳು ಪಿಸುಮಾತಿನಲ್ಲಿ ಕರಾರು ಮಾಡಿಕೊಂಡರು — ಒಂದು ಸಲ ಒತ್ತಿದರೆ ಛಲೋ ಅದೀನಿ, ಎರಡು ಸಲ ಒತ್ತಿದರೆ ನೆನಪಾಗೈತಿ, ಮೂರು ಸಲ ಒತ್ತಿದರೆ ಬಾ. ಲೆಕ್ಕದ ಪುಟದಲ್ಲಿ ಅದು ಎದ್ದು ಕಾಣಬೇಕಾದರೆ ಗೋಲ್ ಎಂದು ಗುರುತು ಹಾಕಬೇಕಿತ್ತು, ಹಾಕಿದಳು, ಫೋನ್ ನಂಬರು, ಕೋಣೆ, ನಕ್ಷೆ, ಅದರ ಕೆಳಗೆ ತೆಪ್ಪ, ಮೊದಲ ದಿನವೇ ತೆಪ್ಪದ ಎದುರಿಗೆ 1 ಬಂದು ನಿಂತಿತು, ಎಷ್ಟು ನೆಟ್ಟಗೆ ನಿಂತಿತ್ತು, ಪ್ರಾರ್ಥನೆಯ ಸಾಲಿನಲ್ಲಿ ನಿಂತ ಹುಡುಗಿಯ ಹಾಗೆ, ಮುಂದೆಯೂ ದಿನಾ 1, ದಿನಾ 1, ಎರಡಿಲ್ಲ ಮೂರಿಲ್ಲ, ಗಟ್ಟಿ ಹುಡುಗಿ, ತಾಯಿಯ ನೆನಪೂ ಇಲ್ಲದಷ್ಟು ಗಟ್ಟಿ ಎಂದು ಇವಳು ಒಳಗೊಳಗೆ ಮುನಿಸು ಮಾಡಿಕೊಂಡದ್ದೂ ಉಂಟು, ಅಯ್ಯೋ, ಮುನಿಸು ಮಾಡಿಕೊಂಡಿದ್ದೆನಲ್ಲ. ಆಮೇಲೊಂದು ಐತವಾರ ಫೋನಿನಲ್ಲಿ ಧ್ವನಿಯೇ ಇರಲಿಲ್ಲ, ಗಾಳಿ ಇತ್ತು, ಗಾಳಿಯೊಳಗೆ ಮಾತು, ಮೂರು ಒತ್ತಿದ್ದೆ ಯವ್ವಾ, ಬುಧವಾರ ಮೂರು, ಗುರುವಾರ ಮೂರು, ಶುಕ್ರವಾರ ಮೂರು, ನೀ ಯಾಕ ಬರಲಿಲ್ಲ. ಸೋಮವಾರ ನಸುಕಿನ ಬಸ್ಸು, ಕೊಪ್ಪಳದಲ್ಲಿ ಇಳಿದು ಇನ್ನೊಂದು ಬಸ್ಸು, ಕರಿ ಹೊಲಗಳ ನಡುವಿನ ಆ ದಾರಿ ಮುಗಿಯಲೇ ಇಲ್ಲ, ಹೋಗಿ ನೋಡಿದರೆ ವರಾಂಡದ ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈ ತೊಡೆಗೆ ಅಂಟಿಸಿಕೊಂಡು, ಕುತ್ತಿಗೆಯ ನರ ಎದ್ದು, ಅಲುಗಾಡದೆ ನಿಂತಿದ್ದಳು, ಕೂತರೆ ಏಳಲಿಕ್ಕಾಗುವುದಿಲ್ಲ ಎಂದು ನಿಂತೇ ಇದ್ದಳಂತೆ, ಒಂದರ ಹಾಗೆ. ಟೈಫಾಯ್ಡ್. ಹನ್ನೊಂದು ದಿನ ಆಸ್ಪತ್ರೆ. ನಾವು ಸಾದಾ ಜ್ವರ ಅಂತ ಗುಳಿಗಿ ಕೊಟ್ಟಿದ್ವಿರಿ, ನಿಮ್ಮ ಹುಡುಗಿ ಬಾಯಿ ಬಿಟ್ಟು ಹೇಳಾಂಗಿಲ್ಲ ಎಂದು ಹಸೀನಾಬೇಗಂ ತಾವೂ ಅತ್ತರು, ಹೌದು, ಅವಳು ಬಾಯಿ ಬಿಟ್ಟು ಹೇಳುವುದಿಲ್ಲ, ಅವಳು ಒತ್ತುತ್ತಾಳೆ, ಒತ್ತಿದ್ದಳು, ಗೋಲ್ ಎನ್ನುವುದು ಮಾತ್ರ ಒಬ್ಬರು ಒಂದು ಭೇಟಿಯಲ್ಲಿ ಎಷ್ಟು ಸಲ ಒತ್ತಿದರೂ ಒಂದೇ ಎಂದು ಎಣಿಸುತ್ತಿತ್ತು. ಅದನ್ನು ಇವಳು ಓದಿಕೊಂಡಿರಲಿಲ್ಲ. ಮೂರನ್ನು ನುಂಗಿ ಒಂದನ್ನು ತೋರಿಸುತ್ತಿತ್ತು, ಇವಳು ಆ ಒಂದನ್ನು ನೋಡಿ ಮನೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದಳು.

ಮೂರೂವರೆ. ಮೂರು ಮೂವತ್ತೊಂದು. ಹೋದ ವರ್ಷ ಹೆಸರು ಬದಲಾದಾಗ ಊರಿನಲ್ಲಿ ಯಾರಿಗಾದರೂ ಖುಷಿಯಾಗಿದ್ದರೆ ಇವಳೊಬ್ಬಳಿಗೆ, ಗೋಲ್ ಹೋಯಿತು, ಕನ್ವರ್ಶನ್ ಬಂತು, ಹೊಸ ಹೆಸರಿನ ಕೆಳಗೆ ಪ್ರತಿ ಒತ್ತೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತದೆ ಎಂದು ಓದಿದಳು, ಓದಿದ್ದನ್ನೂ ನಂಬಲಿಲ್ಲ, ತನ್ನ ಫೋನಿನಿಂದ ತಾನೇ ಮೂರು ಸಲ ಒತ್ತಿ 3 ಬರುವತನಕ ಉಸಿರು ಬಿಗಿಹಿಡಿದು ಕೂತಳು, ಬಂತು, ಆವತ್ತು ಹೇಮಗುಡ್ಡದ ದುರ್ಗವ್ವನಿಗೆ ಉಡಿ ತುಂಬುತ್ತೇನೆಂದು ಹರಕೆ ಹೊತ್ತಳು, ತುಂಬಿಯೂ ಬಂದಳು. ಆಮೇಲಿನ ತಿಂಗಳುಗಳಲ್ಲಿ ಮಗಳ ಮನಸ್ಸು ಅವಳಿಗೆ ಕಾಣತೊಡಗಿತು, ಪಂಚಮಿಯ ಮರುದಿನ 2, ದಸರೆಯ ಸೂಟಿ ಮುಗಿಸಿ ಹೋದ ವಾರ ಪೂರ್ತಿ 2, ಉಳಿದಂತೆ 1, ಮತ್ತು ಆ 1 ಈಗ ನಿಜವಾದ 1, ಛಲೋ ಅದೀನಿ ಅನ್ನುವ 1, ಅದನ್ನು ನೋಡಿದ ಮೇಲೆ ಕೆಳಗಿಳಿದು ಚಹಾ ಕುಡಿದರೆ ಚಹಾಕ್ಕೆ ರುಚಿ. ಈಗ ಮತ್ತೆ ಹೆಸರು ಬದಲು, ಯಾಕೆ ಬದಲು ಮಾಡುತ್ತಾರೋ, ಎಲ್ಲೋ ಕೂತವರು ಇಟ್ಟ ಹೆಸರು ಚಂದ ಕಾಣಲಿಲ್ಲ ಎಂದು ತೆಗೆದು ಇನ್ನೊಂದು ಇಡುತ್ತಾರೆ, ಯಲಬುರ್ಗಾದಲ್ಲಿ ಒಂದು ಹುಡುಗಿ ಆ ಹೆಸರಿನ ಕೆಳಗೆ ನಿಂತಿದೆ ಎಂದು ಅವರಿಗೆ ಯಾರು ಹೇಳಬೇಕು. ಮೂರು ಮೂವತ್ತೈದು, ಯಾವಾಗಲೂ ಈ ಹೊತ್ತಿಗೇ ಒತ್ತುವವಳು, ಹಾಜರಿ ಮುಗಿದ ತಕ್ಷಣ ಒತ್ತಿಬಿಡುವವಳು. ಪರದೆಯಲ್ಲಿ ಈ ಕ್ಷಣದ ಲೆಕ್ಕ ತೋರಿಸುವ ಪುಟ ತೆರೆದಿದೆ, ಮೂವತ್ತು ಸಣ್ಣ ಕಡ್ಡಿಗಳು, ನಿಮಿಷಕ್ಕೊಂದು, ಬಲಗಡೆ ಹುಟ್ಟಿ ಎಡಗಡೆಗೆ ಸರಿದು ಅಂಚಿನಿಂದ ಉದುರುತ್ತವೆ, ಉದುರಿದ್ದು ಮತ್ತೆ ಕಾಣಬೇಕೆಂದರೆ ನಾಳೆ, ಬಲಕ್ಕೆ ಕನ್ವರ್ಶನ್ ಎಂದಿದ್ದ ಚೌಕದ ನೆತ್ತಿಯ ಮೇಲೆ ಇವತ್ತು ಕೀ ಇವೆಂಟ್ ಎಂದಿದೆ, ಅದರೊಳಗೆ ಫೋನ್ ನಂಬರು, ಕೋಣೆ, ನಕ್ಷೆ, ಆಮೇಲೆ — ಆಮೇಲೆ ಏನೂ ಇಲ್ಲ. ತೆಪ್ಪ ಇಲ್ಲ. ಸೊನ್ನೆಯೂ ಇಲ್ಲ, ಹೆಸರೇ ಇಲ್ಲ. ಪುಟ ಮತ್ತೆ ತೆರೆದಳು, ಮುಚ್ಚಿ ತೆರೆದಳು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಹೆಸರೇ ಇಲ್ಲ. ನಿನ್ನೆ ಇತ್ತು, ನಿನ್ನೆ ಸೋಮವಾರ 2 ಇತ್ತು, ಐತವಾರದ ಫೋನಿನಲ್ಲಿ ಕೆಮ್ಮುತ್ತಿದ್ದಳು, ಏನಿಲ್ಲವ್ವ, ಇಬ್ಬರಿಗೆ ಜ್ವರ ಬಂದಾವ, ಒಬ್ಬಾಕಿನ್ನ ಅವರಪ್ಪ ಬಂದು ಕರಕೊಂಡ ಹೋದ, ನಾ ಛಲೋ ಅದೀನಿ, ನೀ ಸುಮ್ನ ಓಡಿ ಬರಬ್ಯಾಡ, ವಾರ್ಡನ್ ಬಾಯಿ ಸಿಟ್ಟಾಗ್ತಾರ, ಹಾಗೆಂದವಳು ಮರುದಿನ ಎರಡು ಸಲ ಒತ್ತಿದಳು, ಎರಡರ ಮುಂದಿನದು ಮೂರು, ಹೌದಲ್ಲ, ಎಣಿಸಲಿಕ್ಕೆ ಬರುವವರಿಗೆಲ್ಲ ಗೊತ್ತು ಎರಡರ ಮುಂದಿನದು ಏನೆಂದು.

ಅಕ್ಕಾರ, ಕೀ ಅಂದ್ರ ಚಾವಿ ಅಲ್ಲೇನ್ರಿ, ಪಕ್ಕದಾಗ ಒಂದ ಚಾವಿ ಚಿತ್ರ ಬರೀಲೇನು, ಚಂದ ಕಾಣ್ತೈತಿ. ಬ್ಯಾಡ ಚಾಂದಸಾಬಣ್ಣ, ಬರೇ ಅಕ್ಷರ ಸಾಕು. ಶಾಲೆಯ ಫೋನು ಹೊಡೆದುಕೊಳ್ಳುತ್ತಿದೆ, ಎತ್ತುವವರಿಲ್ಲ, ಆಫೀಸಿನ ಕೋಣೆಗೆ ಮೂರು ಗಂಟೆಗೇ ಬೀಗ ಬಿದ್ದಿರುತ್ತದೆ, ಹಸೀನಾಬೇಗಂ ಅವರ ಫೋನು ಸ್ವಿಚ್ ಆಫ್, ಐತವಾರ ಬಿಟ್ಟು ಅದು ಯಾವಾಗಲೂ ಸ್ವಿಚ್ ಆಫ್, ಗಂಡ ಗೋವಿಂದರಾಜ ರೈಸ್ ಮಿಲ್ಲಿನಲ್ಲಿ, ಪಾಳಿ ಮುಗಿಯುವತನಕ ಫೋನು ಗೇಟಿನ ಕಪಾಟಿನಲ್ಲಿ, ಆರಕ್ಕೆ ತವುಡಿನ ಧೂಳು ಕೊಡವಿಕೊಂಡು ಬಂದ ಮೇಲೆ ನೋಡುತ್ತಾನೆ, ಉಳಿದವನು ರುದ್ರೇಶ. ಕೊಪ್ಪಳದಲ್ಲಿ ಕೂತು ಸಾವ್ಕಾರನ ಜಾಹೀರಾತು ನೋಡಿಕೊಳ್ಳುವ ಹುಡುಗ, ಹೋದ ವಾರದಿಂದ ಈ ಲೆಕ್ಕದ ಪುಟದ ಬೀಗದಕೈಯೂ ಅವನದೇ, ಮೇಡಂ, ಹೆಸರು ಬದಲಾಗೇತಿ, ನಾ ಎಲ್ಲಾ ಹಸನ ಮಾಡಿ ಕೊಡ್ತೀನ್ರಿ ಅಂದಿದ್ದ, ಹಸನು ಮಾಡುವುದೆಂದರೆ ಏನೆಂದು ಇವಳು ಕೇಳಲಿಲ್ಲ, ಕೇಳಿದರೆ ತೆಪ್ಪದ ಮಾತು ಬರುತ್ತದೆ, ತೆಪ್ಪದ ಮಾತು ಬಂದರೆ ಸಾವ್ಕಾರನ ಕಿವಿಗೆ ಬೀಳುತ್ತದೆ, ನನ್ನ ಹಲಗಿ ಮ್ಯಾಲ ನಿನ್ನ ಮಗಳನ್ಯಾಕ ಬರದೀ ಎಂದು ಅವನು ಕೇಳಿದರೆ ಏನು ಹೇಳಬೇಕು, ಅದಕ್ಕೆ ಬಾಯಿ ಮುಚ್ಚಿಕೊಂಡಳು, ಬಾಯಿ ಬಿಟ್ಟು ಹೇಳದ ಗುಣ ಮಗಳಿಗೆ ಎಲ್ಲಿಂದ ಬಂತು ಎಂದು ಬೇರೆ ಕೇಳುತ್ತಾರೆ. ರುದ್ರೇಶ ಎತ್ತುತ್ತಿಲ್ಲ. ಮೂರು ನಲವತ್ತೆಂಟು. ಒಂದು ಕಡ್ಡಿ ಉದುರಿತು. ಎತ್ತುತ್ತಿಲ್ಲ. ಮೂರು ಐವತ್ತೈದು, ಇನ್ನೊಂದು ಉದುರಿತು, ಯಾವ ಊರಿನ ಯಾರದೋ, ಮೂರೂವರೆಗಿಂತ ಮೊದಲಿನದು, ಅವಳದಲ್ಲ, ಈ ಮೂವತ್ತು ಕಡ್ಡಿಗಳಲ್ಲಿ ಯಾವುದೋ ಒಂದರಲ್ಲಿ ಅವಳು ಒತ್ತಿ ಕೂತಿದ್ದಾಳೆ, ಕಣ್ಣೆದುರೇ ಸರಿಯುತ್ತಿದ್ದಾಳೆ, ಅಂಚಿಗೆ ಬರುತ್ತಿದ್ದಾಳೆ, ತಾಯಿಗೆ ಗುರುತು ಸಿಗುತ್ತಿಲ್ಲ. ನಾಲ್ಕು ಗಂಟೆಗೆ ಅವನೇ ಮಾಡಿದ, ಬಸ್ಸಿನ ಸದ್ದು, ಕಂಡಕ್ಟರನ ಸೀಟಿ, ಮೇಡಂ ಏನ್ರಿ ಆರ್ ಸಲ ಮಾಡೀರಿ, ಕುಷ್ಟಗಿ ಕಡೆ ಹೊಂಟೀನಿ, ತಂಗೀನ ನೋಡಾಕ ಬರ್ತಾರ. ರುದ್ರೇಶಾ, ತೆಪ್ಪ ಎಲ್ಲಿ. ಯಾವ ತೆಪ್ಪರೀ. ಪಟ್ಟೀ ಕೆಳಗ ಒಂದ ತೆಪ್ಪ ಇತ್ತಲ್ಲ. ಓ ಅದಾ, ಅದನ್ನ ತಗದೀನ್ರಿ, ಅದು ಎಲ್ಲಿಗೂ ಹೋಗಾಂಗಿಲ್ಲ, ಒತ್ತಿದ್ರ ಏನೂ ಆಗಾಂಗಿಲ್ಲ, ಅದನ್ಯಾಕ ಎಣಸಬೇಕು, ಕಸ, ಮೂರ ಇಟ್ಟೀನಿ, ನಿಮಗ ಕಾಣೂದೂ ಆ ಮೂರ ಸಾಕಂತ ಉಳಿದ ಪಟ್ಟಿ ಎಲ್ಲಾ ಮುಚ್ಚೀನಿ, ತಲೀಬ್ಯಾನಿ ಕಮ್ಮಿ ಆಗಲಿ ಅಂತ. ಕಸ. ಅದು ನನ್ನ ಮಗಳಪ್ಪಾ. ಏನಂದ್ರಿ. ಹೇಳಿಬಿಟ್ಟಳು, ಚಾಂದಸಾಬನ ಕುಂಚ ಹಲಗೆಯ ಮೇಲೆ ನಿಂತಿತು, ನನ್ನ ಮಗಳು ಸಾಲ್ಯಾಗ ಕೂತು ಒತ್ತತಾಳ, ಜ್ವರ ಅದಾವಂತ ಅಲ್ಲಿ, ನಾಲ್ಕೂ ಹತ್ತಕ್ಕ ಕಂಪ್ಯೂಟರ್ ಬಂದ್ ಆಗ್ತಾವ, ಕೈ ಮುಗೀತೀನಿ ತಮ್ಮಾ, ಅದನ್ನ ಹಾಕು. ಹುಡುಗನ ದನಿ ಬೇರೆಯಾಯಿತು, ತಡೀರಿ ಅಕ್ಕಾರ, ಫೋನಿನ್ಯಾಗ ಹಾಕ್ತೀನಿ, ಹಿಂದ ಒತ್ತಿದ್ದು ಬರಾಂಗಿಲ್ಲ ಮತ್ತ, ಇನ್ನ ಮುಂದ ಒತ್ತಿದ್ದು ಬರ್ತೈತಿ. ಬರಲಿ, ಅದ ಬರಲಿ.

ನಾಲ್ಕು ಮೂರಕ್ಕೆ ಚೌಕದೊಳಗೆ ನಾಲ್ಕನೇ ಸಾಲು ಕೂತಿತು, ತೆಪ್ಪ, ಎದುರಿಗೆ ಸೊನ್ನೆ, ಸೊನ್ನೆ ಕೂಡ ತೆಪ್ಪದ ಹಾಗೇ ದುಂಡಗೆ, ಖಾಲಿ, ನಡುನೀರಿನಲ್ಲಿ, ಒಳಗೆ ಯಾರೂ ಇಲ್ಲದೆ. ಒತ್ತು ಮಗಳೇ. ಮೊದಲು ಒತ್ತಿದ್ದರೂ ಇನ್ನೊಮ್ಮೆ ಒತ್ತು, ನಿನಗೇನು ಕಷ್ಟ, ಒಂದು ಬೆರಳು. ನಾಲ್ಕು ಐದು, ಕೆಳಗೆ ಟಂಟಂ ರಿಕ್ಷಾದ ಹಾರ್ನು, ಗೊಬ್ಬರದ ಚೀಲ ದೊಪ್ಪೆಂದು ಬಿದ್ದ ಸದ್ದು, ತಾನು ಬಸುರಿಯಾಗಿದ್ದಾಗ ಮಗಳು ಹೊಟ್ಟೆಯೊಳಗೆ ಒಂದಿಡೀ ದಿನ ಅಲುಗಾಡದೆ ಹೀಗೇ ಹೆದರಿಸಿದ್ದಳು, ಇವಳು ಅಂಗೈ ಇಟ್ಟುಕೊಂಡು ಕೂತಿದ್ದಳು ಆವತ್ತೂ, ಒದಿ, ಒಮ್ಮೆ ಒದಿ ಎಂದು, ನಾಲ್ಕು ಏಳು, ಈಗ ಪುಸ್ತಕ ಎತ್ತಿಡುತ್ತಿರುತ್ತಾರೆ, ಮಾಸ್ತರು ಮೇನ್ ಸ್ವಿಚ್ ಆರಿಸಲಿಕ್ಕೆ ಎದ್ದಿರುತ್ತಾರೆ, ಅಥವಾ ಅವಳು ಕಂಪ್ಯೂಟರಿನ ಮುಂದೆ ಇಲ್ಲವೇ ಇಲ್ಲ, ಮೇಲೆ ಕಬ್ಬಿಣದ ಮಂಚದ ಮೇಲೆ — ನಾಲ್ಕು ಎಂಟು, 1. ಬಂತು. ಸೊನ್ನೆ ಹೋಗಿ 1 ನಿಂತಿತು, ಒಂದೇ ಕಡ್ಡಿ, ನೆಟ್ಟಗೆ, ಪ್ರಾರ್ಥನೆಯ ಸಾಲಿನಲ್ಲಿ, ಛಲೋ ಅದೀನಿ ಯವ್ವಾ, ಇವಳ ಎದೆಯೊಳಗಿಂದ ಬಂದ ಸದ್ದಿಗೆ ಚಾಂದಸಾಬ ಸ್ಟೂಲಿನಿಂದ ಇಳಿದೇಬಿಟ್ಟ, ಬಂತೇನ್ರಿ ಅಕ್ಕಾರ, ಬಂತು ಚಾಂದಸಾಬಣ್ಣ, ಒಂದ ಬಂತು, ಒಂದ ಬಂದ್ರ ಛಲೋ ಅದಾಳ ಅಂತ ಲೆಕ್ಕ. ಅಲ್ಲಾ ದೊಡ್ಡಾಂವ, ಪೇಡೆ ತರಸ್ರಿ ಮತ್ತ, ಅಂದು ಅವನೂ ನಕ್ಕ, ಮುಂಗೈಯಿಂದ ಕಣ್ಣೊರೆಸಿ ಕೆನ್ನೆಗೆಲ್ಲ ಕರಿ ಬಣ್ಣ ಹಚ್ಚಿಕೊಂಡ. ಫೋನು ಬಡಿಯಿತು, ರುದ್ರೇಶ, ಅಕ್ಕಾರ, ಬಂತೇನ್ರಿ. ಬಂತಪ್ಪಾ, ನಿನ್ನ ಹೊಟ್ಟಿ ತಣ್ಣಗಿರಲಿ, ಒಂದ ಬಂತು. ಛಲೋ ಆತ್ರಿ, ಮತ್ತ ಒಂದ ಮಾತು, ಉಳಿದವಕ್ಕ ಹೆಂಗ ಇಟ್ಟೀನೋ ಇದಕ್ಕೂ ಹಂಗ ಇಟ್ಟೀನಿ, ಸಾವ್ಕಾರ್ರು ಹೇಳಿದ್ರಲ್ಲ, ಒಬ್ಬಾಂವ ಹತ್ತ ಸಲ ಒತ್ತಿದ್ರ ಹತ್ತ ಮಂದಿ ಅಂತ ಬರೀಬ್ಯಾಡ್ರಿ ಅಂತ, ಅದಕ್ಕ ಒಂದ ಭೇಟಿಗೆ ಎಷ್ಟ ಸಲ ಒತ್ತಿದ್ರೂ ಒಂದ ಅಂತ ಎಣಸ್ತೈತಿ, ಹಳೇ ಗೋಲ್ ಇತ್ತಲ್ರಿ, ಹಂಗ. ಏನಂದಿ. ಹಳೇ ಗೋಲ್ ಹಂಗರೀ. ರುದ್ರೇಶಾ, ಆ ಮುಚ್ಚಿದ ಪಟ್ಟಿ ತಗದು ನೋಡು, ಎಷ್ಟ ಸಲ ಒತ್ಯಾಳ ನೋಡಿ ಹೇಳು, ಈಗ ನೋಡು. ಇಲ್ಲಿ ನೆಟ್‌ವರ್ಕ್ ಹೋಗಾಕ ಹತ್ತೈತ್ರಿ, ಊರು ಮುಟ್ಟಿದ ಮ್ಯಾಲ ನೋ — ಆಮೇಲೆ ಏನೂ ಇಲ್ಲ, ಸೀಟಿ ಇಲ್ಲ, ಬಸ್ಸಿಲ್ಲ.

ನಾಲ್ಕು ಹತ್ತು. ಈಗ ಮೇನ್ ಆರಿತು, ಯಲಬುರ್ಗಾದಲ್ಲಿ ಪರದೆಗಳೆಲ್ಲ ಕಪ್ಪಾದವು, ಇನ್ನು ನಾಳೆ ಮೂರೂವರೆಗೆ. ಮೂರು ಮೂವತ್ತೈದಕ್ಕೆ ಒತ್ತುವವಳು ನಾಲ್ಕೂ ಎಂಟಕ್ಕೆ ಯಾಕೆ ಒತ್ತಿದಳು, ಹಾಜರಿ ತಡವಾಯಿತೇ, ಮೊದಲೂ ಒತ್ತಿ ಕಾದು ಮತ್ತೆ ಒತ್ತಿದಳೇ, ಏಳುವಾಗ ಮೇಜು ಹಿಡಿದುಕೊಂಡು ಒತ್ತಿದಳೇ, ಒಂದೇ ಒತ್ತಿದಳೇ, ಒಂದೇ ಇರಬೇಕು, ಒಂದಿರಬಾರದೇಕೆ, ಮಕ್ಕಳು ಕೆಮ್ಮುತ್ತವೆ, ಚೈತ್ರ ಹತ್ತಿರ ಬಂತು, ಹವಾ ಬದಲು — ಚೀಲ ಹೆಗಲಿಗೆ ಬಂದಿದೆ, ಒಂದು ಕಾಲಿಗೆ ಚಪ್ಪಲಿ ಸಿಕ್ಕಿದೆ, ಇನ್ನೊಂದು ಮೇಜಿನ ಕೆಳಗೆಲ್ಲೋ, ಕೊಪ್ಪಳದ ಬಸ್ಸು ಸಿಕ್ಕರೆ ಅಲ್ಲಿಂದ ಯಲಬುರ್ಗಾ, ದೀಪ ಹಚ್ಚುವ ಹೊತ್ತಿಗೆ ಗೇಟಿನ ಮುಂದೆ, ಐತವಾರ ಅಲ್ಲದ ದಿನ ಒಳಗೆ ಬಿಡುವುದಿಲ್ಲ, ಬಿಡದಿದ್ದರೆ ಗೇಟಿನ ಕಂಬಿಯ ಸಂದಿಯಿಂದ ವರಾಂಡ ಕಾಣುತ್ತದೆ, ಗೋಡೆ ಕಾಣುತ್ತದೆ, ಆ ಗೋಡೆಯ ಹತ್ತಿರ — ಅಕ್ಕಾರ, ಹೆಸರು ಬರದೆ, ಬಣ್ಣಾ ಹಸೀ ಐತಿ, ಕೈ ತಾಗಸಬ್ಯಾಡ್ರಿ, ಸಾವ್ಕಾರ್ರು ಐದಕ್ಕ ಬರ್ತಾರ, ಇವತ್ತಿನ ಸಂಖ್ಯಾ ಎಷ್ಟ ಬರೀಲಿ, ಹೊಂಟ್ರೇನು, ಅಕ್ಕಾರ. ಹೊರಟಿದ್ದಾಳೆ, ಬಾಗಿಲಲ್ಲಿದ್ದಾಳೆ, ಒಂದು ಚಪ್ಪಲಿಯಲ್ಲೇ ಮೆಟ್ಟಿಲು ಇಳಿಯಬಹುದು, ಇಳಿಯಬೇಕು, ಕತ್ತು ಮಾತ್ರ ತಿರುಗಿ ನಿಂತಿದೆ, ಪರದೆಯ ಕಡೆಗೆ, ಚೌಕದ ಕಡೆಗೆ, ನಾಲ್ಕನೇ ಸಾಲಿನಲ್ಲಿ ತೆಪ್ಪದ ಎದುರಿಗೆ, ಬಿಳಿ ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈ ತೊಡೆಗೆ ಅಂಟಿಸಿಕೊಂಡು, ಕೂತರೆ ಏಳಲಿಕ್ಕಾಗುವುದಿಲ್ಲವೆಂದು, ಅಲುಗಾಡದೆ, ನಿಂತೇ ಇದೆ, 1